ರೈಟ್ ಮಾರ್ಕರ್ ಕಾಣದ ತುಕಡಿ

ನಮ್ಮ ಕಾಲೇಜಿನ ಎನ್‌ಸಿಸಿ ಕವಾಯತು ತುಕಡಿಯಲ್ಲಿ ನಾನು ಎರಡು ವರ್ಷ ರೈಟ್ ಮಾರ್ಕರ್ ಆಗಿದ್ದೆ. ಆ ಸ್ಥಾನಕ್ಕೆ ನನಗಿದ್ದ ಅರ್ಹತೆ ಎತ್ತರವೊಂದೇ. ‘ಲಂಬಾ ದಾಹಿನೆ, ಛೋಟಾ ಬಾಯೆಂ’ ಎಂಬ ಆಜ್ಞೆಗೆ ಎಲ್ಲರೂ ಎತ್ತರದ ಪ್ರಕಾರ ಒಂದೇ ಸಾಲಿನಲ್ಲಿ ನಿಂತಾಗ ಬಲತುದಿಗೆ ನಾನು ಬಂದೆ, ಬಂದವನು ಅಲ್ಲಿಯೇ ಉಳಿದೆ. ಆ ಒಂದು ಸಾಲನ್ನು ಸಂಖ್ಯೆ ಎಣಿಸಿ ಮೂರು ಸಾಲಾಗಿ ಒಡೆದಾಗ ಎತ್ತರದವರು ಎರಡೂ ತುದಿಗಳಿಗೆ ಹೋಗಿ, ಗಿಡ್ಡವರು ನಡುವೆ ಸೇರಿ, ದೂರದಿಂದ ನೋಡುವವರಿಗೆ ತಲೆಗಳ ಸಾಲು ತೊಟ್ಟಿಲಿನಂತೆ ಮಧ್ಯದಲ್ಲಿ ತುಸು ಬಾಗಿ ಕಾಣುತ್ತದೆ ಎಂದು ಹೇಳುತ್ತಾರೆ. ನಾನಂತೂ ಅದನ್ನು ಕಂಡವನಲ್ಲ.

ರೈಟ್ ಮಾರ್ಕರ್‌ನ ಕೆಲಸವೇ ಅಂಥದ್ದು. ಖಾಲಿ ಅಂಗಳಕ್ಕೆ ಮೊದಲು ಒಬ್ಬನೇ ನಡೆದು ಹೋಗಿ ನಿಲ್ಲಬೇಕು. ಉಳಿದವರೆಲ್ಲ ಅವನ ಎಡಕ್ಕೆ ಬಂದು ಸೇರುತ್ತಾರೆ. ‘ದಾಹಿನೆ ಸಜ್’ ಎಂದಾಗ ಇಡೀ ತುಕಡಿ ತಲೆಯನ್ನು ಬಲಕ್ಕೆ ತಿರುಗಿಸಿ ಅವನನ್ನು ಆಧರಿಸಿ ಸಾಲು ಸರಿಪಡಿಸಿಕೊಳ್ಳುತ್ತದೆ, ಅವನು ಮಾತ್ರ ನೇರ ಮುಂದೆ ನೋಡುತ್ತಿರಬೇಕು. ಎರಡು ವರ್ಷ ಎಲ್ಲರೂ ನನ್ನನ್ನು ನೋಡಿದರು, ನಾನು ಯಾರನ್ನೂ ನೋಡಲಿಲ್ಲ. ಹಾಗಾಗಿ ನಮ್ಮ ತುಕಡಿ ನನಗೆ ಪರಿಚಯವಾದದ್ದು ಕಿವಿಯಿಂದ.

ಕಲಿಸಲು ಬಂದವರು ಸೇನೆಯ ಒಬ್ಬ ಹವಾಲ್ದಾರರು. ಅವರನ್ನು ನಾವು ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಅವರ ಮನೆಮಾತು ತಮಿಳು, ನಮ್ಮದು ಕನ್ನಡ, ನಡುವೆ ನಿಂತದ್ದು ಹಿಂದಿ. ಅದರಲ್ಲಿಯೂ ಸಾವಧಾನ್, ವಿಶ್ರಾಮ್, ತೇಜ್ ಚಲ್, ಥಮ್ (ನಿಲ್ಲು), ಹಿಲೋ ಮತ್ (ಅಲುಗಾಡಬೇಡ) ಎಂಬ ಆಜ್ಞಾರ್ಥಕ ಹಿಂದಿ ಮಾತ್ರ. ಇಂದಿಗೂ ನನ್ನ ಹಿಂದಿ ಅದನ್ನು ಬಹಳ ದಾಟಿಲ್ಲ. ತಪ್ಪಾದಾಗಲೆಲ್ಲ ಅವರು ‘ಜೈಸೇ ಥೇ’ ಎನ್ನುತ್ತಿದ್ದರು, ಅಂದರೆ ಮೊದಲಿನ ಸ್ಥಿತಿಗೆ ಮರಳಿ ಎಂದು. ಒಂದು ಬೆಳಗ್ಗೆ ‘ಪೀಛೇ ಮುಡ್’, ಅಂದರೆ ಹಿಂದಕ್ಕೆ ತಿರುಗುವುದು, ಒಂದನ್ನೇ ಎಷ್ಟು ಸಲ ಮಾಡಿದೆವೆಂದರೆ, ಬಲಹಿಮ್ಮಡಿ ತಿರುಗಿದ ಜಾಗದಲ್ಲಿ ನೆಲ ಬಟ್ಟಲಿನಷ್ಟು ಕುಳಿಬಿದ್ದಿತ್ತು.

ಹೆಜ್ಜೆಯ ಉದ್ದ 30 ಅಂಗುಲ, ನಿಮಿಷಕ್ಕೆ 120 ಹೆಜ್ಜೆ. ಗುಣಿಸಿ ನೋಡಿದರೆ ನಿಮಿಷಕ್ಕೆ 300 ಅಡಿ. ಉಸ್ತಾದರ ಕೈಯಲ್ಲಿ ಕೈವಾರದಂತೆ ಬಿಚ್ಚಿಕೊಳ್ಳುವ ಪೇಸ್ ಸ್ಟಿಕ್ ಇರುತ್ತಿತ್ತು. ಅದನ್ನು ನೆಲದ ಮೇಲೆ ಉರುಳಿಸುತ್ತ ಪಕ್ಕದಲ್ಲೇ ನಡೆಯುತ್ತಿದ್ದರು. ಆದರೆ ಅಳತೆಗೋಲಿಗಿಂತ ಅವರು ಹೆಚ್ಚು ನಂಬಿದ್ದು ಸದ್ದನ್ನು. ನಮಗೆ ಬೆನ್ನು ಹಾಕಿ ನಿಂತು, ಕಣ್ಣು ಮುಚ್ಚಿಕೊಂಡು ‘ಥಮ್’ ಎನ್ನುತ್ತಿದ್ದರು. ಬೂಟುಗಳು ಒಂದೇ ಏಟಿಗೆ ನೆಲ ಮುಟ್ಟಿದರೆ ಮೌನ. ಒಂದು ಬೂಟು ಕೂದಲೆಳೆಯಷ್ಟು ತಡವಾದರೂ ‘ಜೈಸೇ ಥೇ’. ಕಾಳು ಚೆಲ್ಲಿದಂತೆ ಕೇಳಬಾರದು, ಬಾಗಿಲು ಹಾಕಿದಂತೆ ಕೇಳಬೇಕು ಎನ್ನುವುದು ಅವರ ತಾತ್ಪರ್ಯ.

ಬಿಸಿಲಿನಲ್ಲಿ ಬಹಳ ಹೊತ್ತು ಸಾವಧಾನ್‌ನಲ್ಲಿ ನಿಲ್ಲುವವರು ಮಂಡಿಯನ್ನು ಬಿಗಿಯಾಗಿ ಸೆಟೆಸಿಕೊಂಡರೆ ರಕ್ತ ಕಾಲಿನಲ್ಲೇ ನಿಂತು, ತಲೆ ತಿರುಗಿ ಬೀಳುತ್ತಾರೆ. ಅದಕ್ಕೆ ಉಪಾಯವಾಗಿ ಬೂಟಿನೊಳಗೆ ಕಾಲ್ಬೆರಳುಗಳನ್ನು ಆಡಿಸುತ್ತಿರಬೇಕೆಂದು ಅವರು ಹೇಳಿಕೊಟ್ಟಿದ್ದರು. ‘ಹಿಲೋ ಮತ್’ ಎಂದು ಗದರಿಸುವವರೇ ಗುಟ್ಟಾಗಿ ಅಲುಗಾಡಲು ಕಲಿಸಿದ್ದು ನಮಗೆ ಬಹಳ ಹಿಡಿಸಿತ್ತು.

ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟ್ ಪರೀಕ್ಷೆಗೆಂದು ನಾವು ಉರುಹೊಡೆದ ಟಿಪ್ಪಣಿಗಳಲ್ಲಿ, ಕವಾಯತನ್ನು 1666ರಲ್ಲಿ ಜರ್ಮನಿಯ ಒಬ್ಬ ಮೇಜರ್ ಜನರಲ್ ಆರಂಭಿಸಿದನೆಂದೂ ಅವನ ಹೆಸರೇ ಡ್ರಿಲ್ ಎಂಬ ಪದವಾಯಿತೆಂದೂ ಇತ್ತು. ನಾನೂ ಹಾಗೆಯೇ ಬರೆದು ಅಂಕ ಪಡೆದೆ. ನಂತರ ಓದಿದಾಗ ತಿಳಿಯಿತು, ಅದು ಕಟ್ಟುಕಥೆ. ಆ ಪದ ಬಂದದ್ದು ಕೊರೆಯುವುದು, ತಿರುಗಿಸುವುದು ಎಂಬರ್ಥದ ಡಚ್ ಕ್ರಿಯಾಪದದಿಂದ. 1590ರ ದಶಕದಲ್ಲಿಯೇ ನಾಸೋದ ಮಾರಿಸ್ ರಾಜಕುಮಾರ ಡಚ್ ಸೈನಿಕರಿಗೆ ಕೋವಿ ತುಂಬುವ ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು ಕಲಿಸತೊಡಗಿದ್ದ. ಆ ಭಂಗಿಗಳ ಚಿತ್ರಪುಸ್ತಕ 1607ರಲ್ಲಿ ಅಚ್ಚಾಯಿತು. ಕೈಯಲ್ಲಿ ಉರಿಯುವ ಬತ್ತಿ, ಎದೆಯ ಮೇಲೆ ಮದ್ದಿನ ಡಬ್ಬಿಗಳು, ಒತ್ತಾಗಿ ನಿಂತ ಸಾಲು: ಒಬ್ಬ ಲಯ ತಪ್ಪಿದರೆ ಪಕ್ಕದವನು ಸುಟ್ಟುಹೋಗಬಹುದಿತ್ತು. ರೈಫಲ್ ಎತ್ತಿ ಹಿಡಿದು ವಂದಿಸುವ ‘ಸಲಾಮಿ ಶಸ್ತ್ರ’ವನ್ನು ನಾವು ಮೂರು ಎಣಿಕೆಗಳಲ್ಲಿ ಮಾಡುವಾಗ ಆ ಹಳೆಯ ಭಯದ ಅವಶೇಷವನ್ನೇ ಮಾಡುತ್ತಿದ್ದೆವೇನೋ ಎಂದು ಈಗ ಅನ್ನಿಸುತ್ತದೆ.

ಅಂತರ ಕಾಲೇಜು ಸ್ಪರ್ಧೆಯ ದಿನ ಬಂತು. ಹಿಂದಿನ ರಾತ್ರಿ ಬ್ರಾಸೋ ಹಚ್ಚಿ ಬೆಲ್ಟಿನ ಹಿತ್ತಾಳೆ ಉಜ್ಜಿದೆವು, ಬೂಟಿನ ಮೂತಿಗೆ ಹತ್ತಿಯಲ್ಲಿ ನೀರು ತೊಟ್ಟಿಕ್ಕಿಸಿಕೊಂಡು ವೃತ್ತ ವೃತ್ತವಾಗಿ ಪಾಲಿಶ್ ಹಾಕಿದೆವು. ಮರುದಿನ ತಿರುವುಗಳು, ಪಥಸಂಚಲನ ಎಲ್ಲವೂ ಚೆನ್ನಾಗಿಯೇ ಆದವು. ಕೊನೆಗೆ ಸಲಾಮಿ ಶಸ್ತ್ರ. ನಾಲ್ಕು ಕಿಲೋ ಚಿಲ್ಲರೆ ತೂಗುವ .303 ರೈಫಲ್‌ಗಳು ಎದ್ದವು. ಮೊದಲ ಎಣಿಕೆ ಒಂದೇ ಸದ್ದು, ಎರಡನೆಯದೂ ಒಂದೇ ಸದ್ದು. ಮೂರನೆಯದಕ್ಕೆ ಬಲಗಾಲುಗಳು ನೆಲಕ್ಕೆ ಬಿದ್ದ ಮೇಲೆ, ಹಿಂದಿನ ಸಾಲಿನ ಎಡತುದಿಯ ಕಡೆಯಿಂದ ಇನ್ನೊಂದು ಸದ್ದು, ತೀರ ಸಣ್ಣದು, ಕೇಳಿಸಿತು. ನಮಗೆ ಎರಡನೆಯ ಸ್ಥಾನ ಬಂತು. ಅದೊಂದೇ ಕಾರಣವೆಂದು ನಾನು ಹೇಳಲಾರೆ. ಯಾರ ಬೂಟೆಂದು ನನಗೆ ಗೊತ್ತಿತ್ತು. ಅಂದು ಹೇಳಲಿಲ್ಲ, ಅವನೂ ಈ ಸಂಚಿಕೆಯನ್ನು ಓದುವುದರಿಂದ ಇಂದೂ ಹೇಳುವುದಿಲ್ಲ.

ಗೆದ್ದಿದ್ದರೆ ಮುಂದೇನು ಎಂಬ ಕನಸು ನಮಗೆ ಇದ್ದೇ ಇತ್ತು. ಜನವರಿಯಲ್ಲಿ ದೆಹಲಿಯ ಗಣರಾಜ್ಯೋತ್ಸವ ಶಿಬಿರದಲ್ಲಿ ಎನ್‌ಸಿಸಿಯ ಎಲ್ಲ ಪ್ರಾದೇಶಿಕ ನಿರ್ದೇಶನಾಲಯಗಳು ಪ್ರಧಾನಮಂತ್ರಿಗಳ ಧ್ವಜಕ್ಕಾಗಿ ಸೆಣಸುತ್ತವೆ, ನಮ್ಮದು ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯ. ಅಲ್ಲಿಯ ಅಂಗಳಕ್ಕೆ ಇರುವ ಹೆಸರು ನಮ್ಮ ಕೊಡಗಿನ ಕಾರಿಯಪ್ಪನವರದು. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು. ಆ ಅಂಗಳದಲ್ಲಿ ಹೆಜ್ಜೆ ಹಾಕುವ ಯೋಗ ನನಗೆ ಬರಲಿಲ್ಲ.

ಎನ್‌ಸಿಸಿ ಹುಟ್ಟಿದ 1948ರಲ್ಲಿಯೇ ಅಮೆರಿಕದ ಮರೀನ್ ದಳದವರು ‘ಸೈಲೆಂಟ್ ಡ್ರಿಲ್’ ತುಕಡಿಯನ್ನು ಆರಂಭಿಸಿದರೆಂದು ಮುಂದೆ ಓದಿದೆ. ಯಾರೂ ಬಾಯಿಬಿಟ್ಟು ಆಜ್ಞೆ ಕೊಡುವುದಿಲ್ಲ. ಹೆಜ್ಜೆಯ, ರೈಫಲ್‌ನ ಸದ್ದೇ ಅವರಿಗೆ ಆಧಾರ. ಅದನ್ನು ನೋಡಿ ಬೆರಗಾಗುವವರ ನಡುವೆ ನನಗೆ ಅಷ್ಟೇನೂ ಅಚ್ಚರಿಯಾಗಲಿಲ್ಲ. ಅಲ್ಲಿಯ ಕಾಲೇಜು ತಂಡಗಳ ಪರಂಪರೆ ಇನ್ನೂ ಹಳೆಯದು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಹುಡುಗರು 1892ರಲ್ಲಿ ಒಮಾಹಾದ ಸ್ಪರ್ಧೆ ಗೆದ್ದು, ತರಬೇತಿ ಕೊಟ್ಟ ಲೆಫ್ಟಿನೆಂಟ್ ಪರ್ಶಿಂಗ್‌ನ ಷರಾಯಿಯನ್ನು ಬೇಡಿ ಪಡೆದು, ಅದನ್ನು ತುಂಡು ಮಾಡಿ ಎದೆಗೆ ಸಿಕ್ಕಿಸಿಕೊಂಡರಂತೆ. ನಮ್ಮ ಉಸ್ತಾದರ ಷರಾಯಿ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು?

ಕಳೆದ ಸಲ ಕಾಲೇಜಿಗೆ ಬಂದಾಗ ಎನ್‌ಸಿಸಿ ಕೊಠಡಿಯ ಗೋಡೆಯ ಮೇಲೆ ನಮ್ಮ ತುಕಡಿಯ ಫೋಟೊ ಇನ್ನೂ ಇತ್ತು. ಬಲಕ್ಕೆ ನೋಡಿ ವಂದಿಸುವ ‘ದಾಹಿನೆ ದೇಖ್’ ಆಜ್ಞೆಯಾದ ಕ್ಷಣ. ಎಲ್ಲರ ಮುಖವೂ ವೇದಿಕೆಯತ್ತ ತಿರುಗಿದೆ, ಬಲತುದಿಯವನೊಬ್ಬ ಮಾತ್ರ ನೇರ ನೋಡುತ್ತಿದ್ದಾನೆ. ಅವರನ್ನೆಲ್ಲ ಸಾಲಾಗಿ ನಾನು ಕಂಡದ್ದು ಅಲ್ಲಿಯೇ. ಪಕ್ಕದಲ್ಲಿ ನಿಂತಿದ್ದ ಹೊಸ ಕೆಡೆಟ್ ಒಬ್ಬ ಗಾಜಿನ ಮೇಲೆ ಬೆರಳಿಟ್ಟು, ‘ಸರ್, ಇವರಿಗೆ ಆಜ್ಞೆ ಕೇಳಿಸಲಿಲ್ಲವೇನೋ’ ಎಂದ.