ಕಡಲೂ ಕಾಣಬೇಕು, ಕಟ್ಟಡವೂ ನಿಲ್ಲಬೇಕು

ಉರ್ವದ ಹತ್ತಿರ ಒಂದು ಸೈಟು. 30 ಮಹಡಿ, 90 ಮೀಟರ್ ಎತ್ತರ. ಆರ್ಕಿಟೆಕ್ಟ್ ಹುಡುಗ ತಂದ ಪ್ಲಾನಿನಲ್ಲಿ ಕಟ್ಟಡದ ಉದ್ದ 40 ಮೀಟರ್, ದಪ್ಪ ಬರೀ 16. ಉದ್ದದ ಮುಖ ಕಡಲಿಗೆ. ಯಾಕೆ ಅಂತ ಕೇಳುವುದೇ ಬೇಡ. ಮಂಗಳೂರಲ್ಲಿ ಕಡಲು ಕಂಡರೆ ಫ್ಲ್ಯಾಟಿನ ರೇಟೇ ಬೇರೆ. ಇಷ್ಟು ಅಗಲದ ಮುಖ, ಇಷ್ಟು ತೆಳ್ಳಗಿನ ಕಟ್ಟಡ, ಗಾಳಿಗೆ ಕಷ್ಟ ಅಂದೆ.

"ಎಂತ ಇಂಜಿನಿಯರ್ರೇ, ಗಾಳಿಗೆ ಹೆದರಲಿಕ್ಕೆ ಇದೇನು ಚೆನ್ನೈಯಾ?" ಅಂತ ಬಿಲ್ಡರ್ ನಕ್ಕರು.

ಮಾತು ಪೂರ್ತಿ ಸುಳ್ಳಲ್ಲ. ಕಟ್ಟಡದ ಮೇಲಿನ ಗಾಳಿಯ ಲೆಕ್ಕಕ್ಕೆ ಇರುವ ನಮ್ಮ ದೇಶದ ಕೋಡ್, ಐಎಸ್ 875ರ ಮೂರನೇ ಭಾಗದಲ್ಲಿ ಚೆನ್ನೈಗೆ ಗಾಳಿಯ ಮೂಲವೇಗ ಸೆಕೆಂಡಿಗೆ 50 ಮೀಟರ್, ನಮಗೆ 39. ಆದರೆ ಬೆಂಗಳೂರಿಗೆ 33. ಒತ್ತಡ ಏರುವುದು ವೇಗದ ವರ್ಗದಲ್ಲಿ. ಹಾಗಾಗಿ ಬೆಂಗಳೂರಿನ ಪ್ಲಾನನ್ನೇ ಇಲ್ಲಿ ತಂದಿಟ್ಟರೆ ಗಾಳಿ 40% ಜಾಸ್ತಿ ತಳ್ಳುತ್ತದೆ.

ಹಳೇ ಪ್ರಿಂಟಿನ ಹಿಂದುಗಡೆಯೇ ಲೆಕ್ಕ ಹಾಕಿದೆ. ಮೊದಲ ಅಂದಾಜಿಗೆ ಸಾಫ್ಟ್‌ವೇರ್ ತೆರೆಯುವುದಿಲ್ಲ, ತೆರೆದರೆ ಯೋಚನೆ ನಿಂತುಹೋಗುತ್ತದೆ. ತುದಿಯಲ್ಲಿ ಚದರ ಮೀಟರಿಗೆ ಸುಮಾರು 140 ಕೆಜಿ ಒತ್ತಡ ಬಂತು. ಕೆಳಗೆ ಕಮ್ಮಿ. ಸರಾಸರಿ ಹಿಡಿದು, ಆಕಾರಕ್ಕೆ 1.3ರಿಂದ ಗುಣಿಸಿದರೆ ಇಡೀ ಮುಖದ ಮೇಲೆ 570 ಟನ್.

ನಮ್ಮ ಜೂನಿಯರ್ ತಡೆದಳು. "ಸರ್, ಸುತ್ತ ಮನೆ, ತೆಂಗಿನ ಮರ ಎಲ್ಲ ಉಂಟಲ್ವಾ? ಕೆಟಗರಿ 2 ಯಾಕೆ, 3 ಹಿಡಿಯುವ." ಕೋಡಿನಲ್ಲಿ ಬಯಲಿನಂಥ ಜಾಗಕ್ಕೆ 2, ಮನೆ ಮರ ಒತ್ತಾಗಿರುವ ಜಾಗಕ್ಕೆ 3. ಸರಿ, ಹಿಡಿಯುವ. 10 ಮೀಟರಿನಲ್ಲಿ ಒತ್ತಡ 17% ಇಳಿಯುತ್ತದೆ. 100 ಮೀಟರಿನಲ್ಲಿ? ಬರೀ 6%. ಅಷ್ಟು ಮೇಲೆ ತೆಂಗಿನ ಮರದ ಲೆಕ್ಕ ಯಾರಿಗೆ ಬೇಕು! ನಾನೂ ಹಿಂದೆ ಈ ಗುಣಕಗಳ ಜಗಳದಲ್ಲೇ ವಾರಗಟ್ಟಲೆ ಕಳೆದಿದ್ದೇನೆ. ಅಷ್ಟರಲ್ಲಿ ಪ್ಲಾನ್ ಫೈನಲ್ ಆಗಿ, ಆಮೇಲೆ ಉಳಿದದ್ದು ಗೋಡೆ ದಪ್ಪ ಮಾಡುವ ಕೆಲಸ ಮಾತ್ರ.

ಹುಡುಗ ಕೇಳಿದ, "ಕಟ್ಟಡವನ್ನೇ ತಿರುಗಿಸಿದರೆ?" ಪ್ರಯೋಜನ ಇಲ್ಲ. ಗಾಳಿ ಯಾವ ದಿಕ್ಕಿನಿಂದಲೂ ಬರಬಹುದು ಅಂತಲೇ ಡಿಸೈನ್ ಮಾಡಬೇಕು. ತೊಂದರೆ ಇರುವುದು ಆ 16ರಲ್ಲಿ. ಎತ್ತರವನ್ನು ಅದರಿಂದ ಭಾಗಿಸಿದರೆ 5.6. ಐದು ದಾಟಿದರೆ ಓಲಾಟದ ಲೆಕ್ಕವನ್ನೂ ಮಾಡಲೇಬೇಕು. ಒಂದು ಸಲ ಓಲಾಡಿ ಬರಲು ಇದಕ್ಕೆ ಹತ್ತಿರ ಹತ್ತಿರ ಎರಡು ಸೆಕೆಂಡು. ಗಾಳಿಗೆ ತುದಿ 180 ಮಿಲಿಮೀಟರಿಗಿಂತ ಜಾಸ್ತಿ ಸರಿಯಬಾರದು, ಎತ್ತರದ ಐನೂರನೇ ಒಂದು ಭಾಗ.

ಅದೇ ಜಾಗವನ್ನು 32ಕ್ಕೆ 20 ಮಾಡಿ ನೋಡಿ ಅಂದೆ. ಚದರ ಮೀಟರ್ ಅಷ್ಟೇ, 640. ಗಾಳಿಗೆ ಸಿಗುವ ಮುಖ 20% ಕಿರಿದು. ಶಿಯರ್ ವಾಲ್, ಅಂದರೆ ಗಾಳಿಯ ತಳ್ಳಾಟ ತಡೆಯುವ ಕಾಂಕ್ರೀಟ್ ಗೋಡೆ, ಕಟ್ಟಡದ ಪೂರ್ತಿ ದಪ್ಪಕ್ಕೆ ಹೋದರೆ ಅದರ ಬಿಗಿ ಹೆಚ್ಚುಕಮ್ಮಿ ದುಪ್ಪಟ್ಟು, ಅದು ಗೋಡೆಯ ಉದ್ದದ ಘನದಲ್ಲಿ ಏರುವುದರಿಂದ. ಸುಮ್ನೆ ಪೆನ್ಸಿಲಿನ ಎರಡು ಗೆರೆ.

"ಹಾಗಾದ್ರೆ ಇನ್ನು ನಾಲ್ಕು ಮಹಡಿ ಹಾಕಬಹುದಲ್ಲ?" ಅಂದರು ಬಿಲ್ಡರ್. 90 ಮೀಟರ್ 102 ಆದರೆ ಬುಡದಲ್ಲಿ ಬಾಗಿಸುವ ಬಲ 28%ಕ್ಕೂ ಜಾಸ್ತಿ ಏರುತ್ತದೆ ಅಂತ ಬರೆದು ತೋರಿಸಿದೆ. ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಹೋಗುವಾಗ ಪಕ್ಕದ ಸೈಟು ನೋಡಿದೆವು. ಪಡುವಣದ ಹಸಿರು ನೆಟ್ ಚಿಂದಿಚಿಂದಿಯಾಗಿ ಸರಳಿಗೆ ಸುತ್ತಿಕೊಂಡಿತ್ತು. ಮೂಡಣದ್ದು ಹೊಸದರ ಹಾಗೇ ಇತ್ತು. ಮಳೆಗಾಲ ಶುರುವಾಗಿ ಇನ್ನೂ ಎರಡೇ ವಾರ.

ಸದ್ಯಕ್ಕೆ 36ಕ್ಕೆ 18ರಲ್ಲಿ ನಿಂತಿದೆ. ನಾಲ್ಕು ಮಹಡಿಯ ಚರ್ಚೆ ಸೋಮವಾರಕ್ಕೆ ಉಂಟು.