ಒಂಬತ್ತು ತಲೆಯ ಹುಡುಗಿಗೆ ಹೊಲಿದ ಗೌನು

ನಾನು ಸ್ಕೆಚ್ ಬಿಡಿಸುವ ಬುಟಿಕಿನಲ್ಲಿ ಮದುವೆ ಗೌನಿನ ಆರ್ಡರ್ ಬೀಳುವುದು ಆ ಸ್ಕೆಚ್ ನೋಡಿ. ನೆಟ್ಟು, ಸ್ಯಾಟಿನ್ನು ಮುಟ್ಟಿ ನೋಡುವುದೆಲ್ಲ ಆಮೇಲೆ. ಹಾಗಾಗಿ ಬುಟಿಕಿನ ಮೇಡಂಗೆ ಸ್ಕೆಚ್‌ನ ಹುಡುಗಿ ಎತ್ತರ ಇರಬೇಕು, ಸೊಂಟ ಸಪೂರ ಇರಬೇಕು, ಕಾಲಂತೂ ಮುಗಿಯಲೇಬಾರದು. "ಇನ್ನೂ ಸ್ವಲ್ಪ ಉದ್ದ ಮಾಡು ಮಾರಾಯ್ತಿ" ಅನ್ನುವುದು ಅವರ ಖಾಯಂ ತಿದ್ದುಪಡಿ. ಮಂಗಳೂರಿನ ಎಷ್ಟೋ ಬುಟಿಕ್‌ಗಳಲ್ಲಿ ಇದೇ ಕಥೆ ಅಂತ ಗೆಳತಿಯರು ಹೇಳುತ್ತಾರೆ.

ನಿಜವಾದ ಮನುಷ್ಯರ ಎತ್ತರ ಸುಮಾರು 7.5 ತಲೆ. ನೆತ್ತಿಯಿಂದ ಗದ್ದದವರೆಗಿನ ಅಳತೆಯನ್ನು ಅಷ್ಟು ಸಲ ಇಟ್ಟರೆ ಪಾದ ಬರುತ್ತದೆ. ಫ್ಯಾಷನ್ ಫಿಗರ್‌ಗೆ 9 ತಲೆ, ಕೆಲವರು 10 ಕೂಡ ಹಾಕುತ್ತಾರೆ. ಆದರೆ ಹೆಚ್ಚಾದದ್ದು ಮೈಗೆಲ್ಲ ಸಮನಾಗಿ ಹಂಚಿ ಹೋಗುವುದಿಲ್ಲ. ಗದ್ದ 1, ಎದೆ 2, ಸೊಂಟ 3. ಅಲ್ಲಿಯವರೆಗೆ ಹೆಚ್ಚುಕಡಿಮೆ ನಾವು ನೀವು ಇದ್ದ ಹಾಗೆಯೇ. ಉದ್ದ ಮಾಡುವ ಆಟ ಎಲ್ಲ ಸೊಂಟದಿಂದ ಕೆಳಗೆ, ಅದರಲ್ಲೂ ಮೊಣಕಾಲಿನಿಂದ ಕೆಳಗೆ. ಡಿಪ್ಲೊಮಾದ ಮೊದಲ ಸೆಮಿಸ್ಟರ್‌ನಲ್ಲೇ ಇದನ್ನು ಕಲಿಸಿದ್ದರು. ಈ ಫಿಗರ್ ಕಟಿಂಗ್ ಟೇಬಲ್‌ಗೆ ಹೋದರೆ ಏನಾಗುತ್ತದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ನಾನು ಹೇಳಹೊರಟ ಗೌನು ನೆಟ್‌ನದ್ದು. ಸೊಂಟದ ಕೆಳಗೆ ಸ್ವಲ್ಪ ಪ್ಲೇನ್, ಆಮೇಲೆ 5 ಲೇಯರ್ ಫ್ರಿಲ್. ಅದನ್ನು ಹಾಕುವ ಹುಡುಗಿ 5 ಅಡಿ 1 ಇಂಚು. ನನ್ನ ಸ್ಕೆಚ್‌ನಲ್ಲಿ ಫ್ರಿಲ್‌ಗಳು ಒಂದರ ಕೆಳಗೊಂದು ಬಿಡುಬಿಡುವಾಗಿ ಇಳಿದಿದ್ದವು. ಹುಡುಗಿಯ ತಾಯಿಗೆ ಅದು ಎಷ್ಟು ಇಷ್ಟವಾಯಿತು ಅಂದರೆ ಅಲ್ಲೇ ಫೋಟೋ ತೆಗೆದು ಕುವೈಟಿನಲ್ಲಿದ್ದ ಗಂಡನಿಗೆ ಕಳಿಸಿದರು. ಅಡ್ವಾನ್ಸ್ ಬಂತು. ಬಟ್ಟೆ ಕಟ್ ಮಾಡುವ ಮಾಸ್ಟರ್ ನನ್ನ ಟೇಬಲ್ ಹತ್ತಿರ ಬಂದು "ಒಂದು ಲೇಯರ್ ಎಷ್ಟು ಇಂಚು?" ಅಂತ ಕೇಳಿದರು. ನಾನು ಇನ್ನೊಂದು ಸ್ಕೆಚ್‌ಗೆ ಶೇಡ್ ಕೊಡುತ್ತಿದ್ದೆ. "ಸ್ಕೆಚ್‌ನಲ್ಲಿ ಉಂಟಲ್ಲ ಮಾಸ್ಟ್ರೇ, ಹಾಗೆಯೇ ಮಾಡಿ" ಅಂದೆ.

ಅವರು ಹಾಗೆಯೇ ಮಾಡಿದರು. ಸ್ಕೆಚ್‌ನ ತಲೆಗೆ ಸ್ಕೇಲ್ ಇಟ್ಟರು. ಹುಡುಗಿಯ ತಲೆ 8 ಇಂಚು ಅಂತ ಹಿಡಿದರು. ಒಂದು ಫ್ರಿಲ್ ಒಂದು ತಲೆಯಷ್ಟಿದೆ, ಹಾಗಾದರೆ 8 ಇಂಚು ಅಂತ ಕಟ್ ಮಾಡಿದರು. ಅವರ ಲೆಕ್ಕದಲ್ಲಿ ತಪ್ಪು ಹುಡುಕಲಿಕ್ಕೆ ಆಗುವುದಿಲ್ಲ. ನನ್ನ ಫಿಗರ್‌ನಲ್ಲಿ ಸೊಂಟದಿಂದ ನೆಲಕ್ಕೆ 6 ತಲೆ, ಅಂದರೆ 48 ಇಂಚು. ಹುಡುಗಿಗೆ ಇದ್ದದ್ದು 38. ಉಳಿದ 10 ಇಂಚು ಕಾಗದದ ಮೇಲೆ ಮಾತ್ರ. ಒಳಗಿನ ಬೇಸ್ ಸ್ಕರ್ಟನ್ನು ಮೈ ಅಳತೆಗೇ ಹೊಲಿದಿದ್ದರು. ಫ್ರಿಲ್‌ಗೆ ಜಾಗ ಸಾಲದೆ ಒಂದರ ಮೇಲೊಂದು ಹತ್ತಿಸಿದ್ದರು.

ಟ್ರಯಲ್ ದಿನ ಹುಡುಗಿ ಸ್ಟೂಲ್ ಹತ್ತಿ ಕನ್ನಡಿ ಎದುರು ನಿಂತಳು. ಜಿಪ್ ಹಾಕಿ ನಾನು ಹಿಂದೆ ಸರಿದೆ. ಯಾರೂ ಮಾತಾಡಲಿಲ್ಲ. ತಾಯಿ ಮೊಬೈಲ್ ತೆಗೆದು ಸ್ಕೆಚ್‌ನ ಫೋಟೋ ಝೂಮ್ ಮಾಡಿದರು. ಮಗಳನ್ನು ನೋಡಿದರು. ಮತ್ತೆ ಮೊಬೈಲ್. ಮತ್ತೆ ಮಗಳು.

"ಇದು ಅದೇ ಡಿಸೈನಾ?"

"ಅದೇ ಬಾಯಮ್ಮ," ಅಂದರು ಮೇಡಂ. "ಹೀಲ್ಸ್ ಹಾಕಿದ್ರೆ ಸರಿ ಕಾಣ್ತದೆ."

"ಹೀಲ್ಸ್ ಹಾಕಿದ್ರೆ ಎತ್ತರ ಕಾಣ್ತಾಳೆ, ಸರಿ. ಈ ಫ್ರಿಲ್ ಕಡಿಮೆ ಆಗ್ತದಾ?"

ಹುಡುಗಿ ಕನ್ನಡಿಯಲ್ಲೇ ನನ್ನನ್ನು ನೋಡಿ, "ನಾನು ಚೆಂಡುಹೂವಿನ ಹಾಗೆ ಕಾಣ್ತೇನಲ್ಲ?" ಅಂದಳು. ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ.

ನನಗೆ ಆಗಲೂ ಹೊಳೆದಿರಲಿಲ್ಲ. ಕ್ಯಾನ್‌ಕ್ಯಾನ್, ಅಂದರೆ ಗೌನು ಉಬ್ಬಲಿಕ್ಕೆ ಒಳಗೆ ಹಾಕುವ ಗಟ್ಟಿ ನೆಟ್, ಜಾಸ್ತಿ ಆಗಿ ಉಬ್ಬಿದೆ ಅಂತಲೇ ನನ್ನ ನಂಬಿಕೆ. ಬಹಳ ಧೈರ್ಯದಿಂದ "ಒಂದು ನಿಮಿಷ" ಅಂತ ಹೇಳಿ ಅದನ್ನು ಬಿಚ್ಚಿಸಿದೆ. ಆಗ ಫ್ರಿಲ್‌ಗಳೆಲ್ಲ ಒಟ್ಟಿಗೆ ಕುಸಿದು ಮೊಣಕಾಲಿನ ಹತ್ತಿರ ಗುಡ್ಡೆ ಬಿದ್ದವು. ಮೊದಲಿನದ್ದೇ ವಾಸಿ ಇತ್ತು. ಮೇಡಂ ನನ್ನ ಕಡೆ ನೋಡಿದ ನೋಟದ ಬಗ್ಗೆ ಬರೆಯುವುದು ಬೇಡ. ಮಾಸ್ಟರ್ ಒಳಗಿಂದ ಬಂದು, ಯಾರಿಗೂ ಏನೂ ಹೇಳದೆ, ಹುಡುಗಿಯ ಸೊಂಟದಿಂದ ನೆಲಕ್ಕೆ ಟೇಪ್ ಇಳಿಬಿಟ್ಟು ನನಗೆ ಮಾತ್ರ ಕಾಣುವ ಹಾಗೆ 38ರ ಮೇಲೆ ಹೆಬ್ಬೆರಳು ಇಟ್ಟರು. ಆಮೇಲೆ ಪಿನ್ ಡಬ್ಬಿ ತೆಗೆದರು.

ಎರಡು ಲೇಯರ್ ತೆಗೆದೆವು. ಉಳಿದ ಮೂರನ್ನು ಮೇಲಿಂದ ಕೆಳಕ್ಕೆ 8, 10, 12 ಇಂಚು ಮಾಡಿದೆವು. ಕೆಳಗಿನ ಎರಡಕ್ಕೆ ಹೊಸ ನೆಟ್ ಬಂತು. ಸೊಂಟದ ಜಾಯಿಂಟನ್ನು ಒಂದಿಂಚು ಮೇಲಕ್ಕೆ ಎತ್ತಿದೆವು. ಕಾಲು ಉದ್ದ ಕಾಣಬೇಕಾದರೆ ನಿಜವಾದ ಮೈ ಮೇಲೆ ಮಾಡಬಹುದಾದದ್ದು ಇಂಥದ್ದೇ. ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆ ಮೊದಲೇ ಗೌನು ಮನೆ ಸೇರಿತು. ಆ ನೆಟ್‌ನ ದುಡ್ಡು ನನ್ನ ಸಂಬಳದಿಂದ ಹೋಗಲಿಲ್ಲ. ಆದರೆ ಇನ್‌ಕ್ರಿಮೆಂಟ್ ಮಾತು ಎತ್ತಿದಾಗಲೆಲ್ಲ ಅದು ಹೊರಗೆ ಬರುತ್ತದೆ.

ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಮೊದಲು 7.5 ತಲೆಯಲ್ಲಿ ಕೈ ಕೂರಲಿ, 9 ಆಮೇಲೆ. ಯಾವುದನ್ನು ಎಳೆದು ಉದ್ದ ಮಾಡಿದ್ದೀರಿ ಅಂತ ಗೊತ್ತಿದ್ದರೆ ಮಾಸ್ಟರ್‌ಗೆ ಇಂಚಿನಲ್ಲಿ ಹೇಳಬಹುದು. ಆ ಹುಡುಗಿಯರು ನನ್ನ ಮಾತು ಕೇಳುವುದಿಲ್ಲ. ಯಾಕೆಂದರೆ ಟ್ಯಾಬ್ ಉಂಟು. ಅದರಲ್ಲಿ ರೆಡಿ ಕ್ರೋಕಿ, ಅಂದರೆ ಮೇಲೆ ಬಟ್ಟೆ ಬಿಡಿಸಲಿಕ್ಕೆ ಮೊದಲೇ ಮಾಡಿಟ್ಟ ಫಿಗರ್, ಉಂಟು. ಮೇಡಂ ಚಂದಾ ಕಟ್ಟಿ ತಂದ ಟೆಂಪ್ಲೇಟ್‌ಗಳು. ಎಲ್ಲ ಹುಡುಗಿಯರೂ ಎಡ ಸೊಂಟ ಹೊರಗೆ ತಳ್ಳಿಕೊಂಡೇ ನಿಂತಿರುತ್ತಾರೆ. ಕಸ್ಟಮರ್ "ಹಿಂದಿನಿಂದ ಹೇಗೆ ಕಾಣ್ತದೆ?" ಅಂತ ಕೇಳಿದರೆ ಟೆಂಪ್ಲೇಟ್‌ನಲ್ಲಿ ಉತ್ತರ ಇಲ್ಲ. ಚರ್ಚಿನಲ್ಲಿ ಜನ ಒಂದು ಗಂಟೆ ನೋಡುವುದು ಗೌನಿನ ಹಿಂದಿನ ಭಾಗವನ್ನೇ ಅಲ್ವಾ?

ಮನುಷ್ಯರು ನಿಲ್ಲುವುದನ್ನು ನಾನು ಕಲಿತದ್ದು ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ. ಬಸ್ಸಿಗೆ ಕಾಯುವವರು ಯಾರೂ ಎರಡು ಕಾಲಿನ ಮೇಲೆ ಸಮನಾಗಿ ನಿಲ್ಲುವುದಿಲ್ಲ. ಭಾರ ಒಂದೇ ಕಾಲಿಗೆ. ಆ ಕಡೆಯ ಸೊಂಟ ಮೇಲೆ ಹೋಗುತ್ತದೆ, ಅದೇ ಕಡೆಯ ಭುಜ ಕೆಳಗೆ ಬರುತ್ತದೆ. ಕತ್ತಿನ ಗುಳಿಯಿಂದ ನೇರ ಒಂದು ಗೆರೆ ಇಳಿಸಿ. ಅದು ಭಾರ ಹೊತ್ತ ಪಾದದ ಹತ್ತಿರ ಬೀಳಬೇಕು. ಬೀಳದಿದ್ದರೆ ನಿಮ್ಮ ಹುಡುಗಿ ಬೀಳುತ್ತಾಳೆ, ಎಷ್ಟು ಚಂದದ ಮುಖ ಬಿಡಿಸಿದರೂ ಅಷ್ಟೇ. ನಂಬಿಕೆ ಇಲ್ಲದಿದ್ದರೆ ಮೀನು ಇಳಿಸುವ ಧಕ್ಕೆಗೆ ಹೋಗಿ ಮೀನಿನ ಬುಟ್ಟಿ ಹೊತ್ತು ನಿಂತ ಹೆಂಗಸರನ್ನು ನೋಡಿ. ತಲೆ ಮೇಲೆ ಅಷ್ಟು ಭಾರ ಇರುವಾಗ ಆ ಗೆರೆ ತಪ್ಪುವ ಹಾಗೇ ಇಲ್ಲ. ಒಬ್ಬರಿಗೆ ಅರ್ಧ ನಿಮಿಷ ಸಾಕು. ಭುಜದ ಗೆರೆ, ಸೊಂಟದ ಗೆರೆ, ಭಾರದ ಕಾಲು, ಮುಂದಿನವರು. ಮುಖ, ಬೆರಳು ಎಲ್ಲ ಬೇಡ. ಸುಮ್ನೆ ದಿಟ್ಟಿಸಿ ನೋಡಿದರೆ ಬೈಗುಳ ತಿನ್ನಬೇಕಾಗುತ್ತದೆ, ಸ್ವಲ್ಪ ಓರೆಯಿಂದ ನೋಡಿ.

ಸೀರೆಯ ಸ್ಕೆಚ್‌ಗೂ ಇದೇ ಬೇಕು. ನೆರಿಗೆ ಸೊಂಟದಿಂದ ಹೊರಟು ಭಾರ ಇಲ್ಲದ ಕಾಲಿನ ಮಂಡಿಗೆ ತಾಗಿ ಒಡೆಯುತ್ತದೆ. ಸೆರಗಿನ ಮಡಿಕೆಗಳೆಲ್ಲ ಎಡ ಭುಜದ ಕಡೆಗೆ ಎಳೆದುಕೊಂಡು ಹೋಗುತ್ತವೆ. ಒಳಗಿನ ಮೈ ಸರಿ ನಿಲ್ಲದೆ ಮೇಲಿನ ಬಟ್ಟೆ ಬಿಡಿಸಿದರೆ ಅದು ಹ್ಯಾಂಗರ್‌ಗೆ ಹಾಕಿದ ಸೀರೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ನಾಲ್ಕೈದು ಗೆರೆಯಲ್ಲಿ ಕುಣಿಯುವವರು. ಯಾವ ಕಾಲಿನ ಮೇಲೆ ಭಾರ ಇದೆ ಅಂತ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಅವರು ಫ್ಯಾಷನ್ ಸ್ಕೆಚ್ ಮಾಡಿದವರಲ್ಲ. ಆದರೆ ಟೆಂಪ್ಲೇಟ್ ಮೇಲೆ ಟ್ರೇಸ್ ಮಾಡಿ ಸಿಗದ್ದು ಅಲ್ಲಿ ಸಿಗುತ್ತದೆ.

ಈಗ ಆರ್ಡರ್‌ಗೆ ಎರಡು ಹಾಳೆ ಮಾಡುತ್ತೇನೆ. 9 ತಲೆಯದ್ದು ಕಸ್ಟಮರ್‌ಗೆ. ಮೈ ಅಳತೆಯ ಫ್ಲಾಟ್, ಅಂದರೆ ಬರೀ ಬಟ್ಟೆಯ ನಕ್ಷೆ, ಎಲ್ಲ ಇಂಚಿನ ಸಮೇತ, ಮಾಸ್ಟರ್‌ಗೆ. ಎತ್ತರ ಕಡಿಮೆ ಇದ್ದವರಿಗೆ ಅವರದ್ದೇ ಅಳತೆಯ ಫಿಗರ್ ಕೂಡ ತೋರಿಸೋಣ ಅಂದರೆ ಮೇಡಂ ಒಪ್ಪುವುದಿಲ್ಲ, ಆರ್ಡರ್ ಹೋಗ್ತದಂತೆ. ನಾನು ಕದ್ದು ತೋರಿಸಿದ ಇಬ್ಬರೂ ಆರ್ಡರ್ ಕೊಟ್ಟೇ ಹೋಗಿದ್ದಾರೆ. ಅದನ್ನು ಹೇಳಲಿಕ್ಕೂ ಇಲ್ಲ. ಟೆಂಪ್ಲೇಟ್‌ನ ಚಂದಾ ಈ ವರ್ಷವೂ ರಿನ್ಯೂ ಆಗಿದೆ. ಮಳೆಗಾಲದ ತೇವಕ್ಕೆ ಸುರುಳಿ ಸುತ್ತಿದ, ಸ್ಕೆಚ್ ಬಿಡಿಸುವ ಕಾರ್ಟ್ರಿಡ್ಜ್ ಶೀಟ್ ಬದಲಿಗೆ ಹೊಸತು ತಂದ ನನ್ನ ಬಿಲ್ ಮಾತ್ರ ಇನ್ನೂ ಮೇಡಂ ಡ್ರಾಯರ್‌ನಲ್ಲೇ ಉಂಟು.