ಮಳೆ, ಗಂಟಲು, ಒಳ್ಳೆಮೆಣಸು

ಮಡಿಕೇರಿಯಲ್ಲಿ ಮೂರು ದಿನದಿಂದ ಬಿಡದ ಮಳೆ. ನಿನ್ನೆ ನನ್ನ ಗಂಟಲು ಕೆಟ್ಟಿತು. ಅತ್ತೆ ಏನೂ ಕೇಳಲಿಲ್ಲ. ಏಳೆಂಟು ಕಾಳು ಒಳ್ಳೆಮೆಣಸು, ಅಂದರೆ ಕರಿಮೆಣಸು, ಜಜ್ಜಿ, ಶುಂಠಿ, ಬೆಲ್ಲ ಹಾಕಿ ಕುದಿಸಿ ಲೋಟ ಕೈಗಿಟ್ಟರು. ಮೊದಲ ಗುಟುಕಿಗೇ ಕಣ್ಣಲ್ಲಿ ನೀರು. ಕಟ್ಟಿದ್ದ ಮೂಗು ಸ್ವಲ್ಪ ಬಿಟ್ಟಿತು. ನೆಗಡಿಯೇನೂ ಓಡಿಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ!

ಆ ಖಾರ ಒಳ್ಳೆಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶದ್ದು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ಅಂಶ ಸುಮ್ನೆ ತಿಂದರೆ ಮೈಗೆ ಅಷ್ಟಾಗಿ ಹತ್ತುವುದಿಲ್ಲ. ಜೊತೆಗೆ ಪೈಪರಿನ್ ಇದ್ದರೆ ಬಹಳ ಜಾಸ್ತಿ ಹತ್ತುತ್ತದೆ ಎಂದು ಬೆಂಗಳೂರಿನ ಸಂಶೋಧಕರು 1998ರಲ್ಲಿ ತೋರಿಸಿದರು. ಅರಿಶಿನ ಹಾಲಿಗೆ ಚಿಟಿಕೆ ಒಳ್ಳೆಮೆಣಸಿನ ಪುಡಿ ಉದುರಿಸುತ್ತಿದ್ದ ನಮ್ಮಜ್ಜಿಗೆ ಇದನ್ನು ಯಾರು ಹೇಳಿದ್ದರೋ! ಆದರೆ ಇದೇ ಗುಣ ಕೆಲವು ಮಾತ್ರೆಗಳ ಪ್ರಭಾವವನ್ನೂ ಏರಿಸಬಹುದು. ದಿನಾ ಮಾತ್ರೆ ನುಂಗುವವರು ಮೆಣಸಿನ ಕಷಾಯವನ್ನು ಲೋಟಗಟ್ಟಲೆ ಕುಡಿಯುವ ಮೊದಲು ಡಾಕ್ಟರನ್ನು ಕೇಳುವುದು ಒಳ್ಳೆಯದು. ಹೊಟ್ಟೆ ಉರಿ ಇರುವವರಿಗಂತೂ ಬೇಡವೇ ಬೇಡ.

ಕಿಟಕಿಯಾಚೆ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿ ತೊಯ್ದು ನಿಂತಿದೆ. ನನ್ನ ಗಂಟಲು ಕೆಡಿಸಿದ ಈ ಮಳೆಯಲ್ಲೇ ಅದು ಹೂ ಬಿಡುವುದು. ಕೊಯ್ಲಿಗೆ ಇನ್ನೂ ಡಿಸೆಂಬರ್ ದಾಟಬೇಕು. ಡಬ್ಬಿಯಲ್ಲಿ ಹೋದ ವರ್ಷದ್ದು ಒಂದು ಹಿಡಿ ಉಳಿದಿದೆ.